ಹಿರಿಯರ ಹಲ್ಲಿಗೆ ತಕ್ಷಣ ಚಿಕಿತ್ಸೆ ಬೇಕು, ಬೆಂಗಳೂರಲ್ಲಿ ಯಾವ ವಿಮೆ, ಯಾವ ಕಾರ್ಡ್ ಕೈ ಹಿಡಿಯುತ್ತೆ?

ಬನಶಂಕರಿ_ಬಸ್‌ಸ್ಟ್ಯಾಂಡ್
ರೋಗಿಯ ವಯಸ್ಸು 72. ಬಲಗಡೆ ಕೆಳದವಡೆಯಲ್ಲಿ ಮೂರು ದಿನದಿಂದ ನೋವು, ನಿನ್ನೆಯಿಂದ ಕೆನ್ನೆ ಸ್ವಲ್ಪ ಊದಿದೆ. ಸಕ್ಕರೆ ಕಾಯಿಲೆ ಇದೆ. ಹೃದಯದಲ್ಲಿ ಸ್ಟೆಂಟ್ ಇರೋದ್ರಿಂದ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ನಡೀತಿದೆ. ಕ್ಲಿನಿಕ್ ಕೊಟ್ಟ ಅಂದಾಜು 1,64,000 ರೂಪಾಯಿ. ಐದು ಲಕ್ಷದ ಮೆಡಿಕ್ಲೇಮ್ ಇದೆ, ಏಜೆಂಟ್ ಕೇಳಿದ್ರೆ "ಹಲ್ಲು ಬರಲ್ಲ ಸಾರ್" ಅಂತ ಒಂದೇ ಮಾತು. ಈಗ ಹೊಸದಾಗಿ ಹಲ್ಲಿನ ಪಾಲಿಸಿ ತಗೊಂಡ್ರೆ ಇದಕ್ಕೆ ಸಿಗುತ್ತಾ?

ಕ್ಲೇಮ್_ಕಡತ
ಸಿಗಲ್ಲ. ಯಾಕೆ ಅಂತ ಗೊತ್ತಾದ್ರೆ ಮುಂದಿನ ದಾರಿ ಸುಲಭ.

ಹಲ್ಲಿನ ಖರ್ಚು ವಿಮೆಯೊಳಗೆ ಬರೋಕೆ ಇರೋದು ಎರಡೇ ಬಾಗಿಲು. ಒಂದು ಆಸ್ಪತ್ರೆಗೆ ದಾಖಲಾಗೋದು, ಇನ್ನೊಂದು ಒಪಿಡಿ (ಹೊರರೋಗಿ ಚಿಕಿತ್ಸೆ) ಅನ್ನೋ ಹೆಚ್ಚುವರಿ ಕವರ್. ಮೊದಲನೇ ಬಾಗಿಲಲ್ಲಿ 24 ಗಂಟೆ ಅಡ್ಮಿಟ್ ಆಗಿರಬೇಕು, ಇಲ್ಲ ಒಂದು ದಿನದೊಳಗೇ ಮುಗಿಯೋ ಆಸ್ಪತ್ರೆ ಕೆಲಸ, ಅಂದ್ರೆ ಡೇ-ಕೇರ್ ಚಿಕಿತ್ಸೆ ಆಗಿರಬೇಕು. ಆ ಡೇ-ಕೇರ್ ವ್ಯಾಖ್ಯೆಯ ಕೊನೇ ಸಾಲು ಎಲ್ಲ ಪಾಲಿಸಿಯಲ್ಲೂ ಒಂದೇ: ಸಾಮಾನ್ಯವಾಗಿ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಇದರಲ್ಲಿ ಸೇರಲ್ಲ. ಹುಳುಕು ತುಂಬಿಸೋದು, ರೂಟ್ ಕೆನಾಲ್, ಕ್ಯಾಪ್, ಕೀಳಿಸೋದು, ಎಲ್ಲ ಕುರ್ಚಿಯಲ್ಲಿ ಕೂತು ಎದ್ದು ಬರೋ ಕೆಲಸ. ಆ ಒಂದು ಸಾಲಿಗೇ ಅಷ್ಟೂ ಸಿಕ್ಕಿಬೀಳುತ್ತೆ. ಏಜೆಂಟ್ ಹೇಳಿದ ಅರ್ಧ ಸತ್ಯ ಅದು.

ಹೊಸ ಪಾಲಿಸಿ ತಗೊಂಡ್ರೂ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಇಲ್ಲ. ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಇದು 4 ವರ್ಷ ಇತ್ತು. ಕೆನ್ನೆ ಊದಿದ ಮೇಲೆ ಪಾಲಿಸಿ ಹುಡುಕೋದು ಯುದ್ಧಕಾಲೇ ಶಸ್ತ್ರಾಭ್ಯಾಸ. ಊತವನ್ನ ಅರ್ಜಿಯಲ್ಲಿ ಮುಚ್ಚಿಟ್ಟರೆ ನಾಳೆ ಹೃದಯದ ಕ್ಲೇಮಿಗೂ ಅದೇ ಕಡತ ತೆಗೀತಾರೆ.

ಮೊದಲು ಒಂದು ಕೆಲಸ ಮಾಡಿ. ಆ 1,64,000ವನ್ನ ಬಿಡಿಬಿಡಿಯಾಗಿ ಇಲ್ಲಿ ಹಾಕಿ. ಹಲ್ಲಿನ ನಂಬರ್ ಸಮೇತ.

ಬನಶಂಕರಿ_ಬಸ್‌ಸ್ಟ್ಯಾಂಡ್
46ಕ್ಕೆ (ಬಲಗಡೆ ಕೆಳಗಿನ ದವಡೆ ಹಲ್ಲು) ರೂಟ್ ಕೆನಾಲ್ 8,000, ಅದರ ಕ್ಯಾಪ್ 9,000. ಎಡಗಡೆ ಕೆಳಗಿನ 36, 37 ಕೀಳೋಕೆ ತಲಾ 1,500. ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸೋ ಕೃತಕ ಹಲ್ಲು) ಮೂರು, ಒಂದಕ್ಕೆ 48,000. ಮೂರನೇದು ಮೊದಲೇ ಖಾಲಿ ಇರೋ ಜಾಗಕ್ಕೆ.

ಒಸಡು_ಹಲ್ಲು
ನೋಡಿ, 1,64,000ದಲ್ಲಿ 1,44,000 ಬರೀ ಇಂಪ್ಲಾಂಟು. ಅದು ಈ ವಾರದ ಕೆಲಸವೇ ಅಲ್ಲ. ಕೀವಿರೋ ಬಾಯಲ್ಲಿ, ಸಕ್ಕರೆ ಹತೋಟಿ ತಪ್ಪಿರೋ ಮೈಯಲ್ಲಿ ಯಾರೂ ಅವಸರಕ್ಕೆ ಇಂಪ್ಲಾಂಟ್ ಕೂರಿಸಲ್ಲ. ಕಿತ್ತ ಗುಳಿ ಮಾಗಬೇಕು, ಮೂರು ತಿಂಗಳ ಸರಾಸರಿ ಸಕ್ಕರೆ ನೋಡಬೇಕು. ಈ ವಾರ ಬೇಕಿರೋದು 46ರ ಬೇರು ತೆರೆದು ಕೀವು ಬಿಡೋದು, ಅಲ್ಲಾಡ್ತಾ ನೋಯ್ತಿದ್ರೆ 36, 37 ತೆಗೆಯೋದು. ಅಂದ್ರೆ 11,000. ಕ್ಯಾಪಿನ 9,000 ಆಮೇಲಿನ ಮಾತು, ಆದ್ರೆ ತೀರ ತಡ ಮಾಡಬೇಡಿ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಇಲ್ಲದಿದ್ರೆ ಚಕ್ಕುಲಿ ಕಚ್ಚಿದಾಗ ಉದ್ದುದ್ದ ಸೀಳುತ್ತೆ. ಹಾಗೆ ಸೀಳಿದ್ರೆ ಕೀಳೋದೊಂದೇ ದಾರಿ, ಹಾಕಿದ 8,000ವೂ ಹೋಯ್ತು.

ದುಡ್ಡಿಗಿಂತ ಮುಂಚೆ ಊತದ ವಿಷಯ. ಈಗಲೇ ಕೈಯಿಟ್ಟು ನೋಡಿ. ಊತ ಕೆನ್ನೆಯಲ್ಲೇ ಇದ್ದು, ಬಾಯಿ ಪೂರ್ತಿ ತೆರೆಯೋಕಾದ್ರೆ ನಾಳೆ ಬೆಳಿಗ್ಗೆ ದಂತ ವೈದ್ಯರ ಹತ್ತಿರ ಹೋದ್ರೆ ಸಾಕು. ದವಡೆಯ ಕೆಳಗೆ, ಗದ್ದದ ಹಿಂದೆ ಗಟ್ಟಿಯಾಗಿ ಊದಿದ್ರೆ, ನಾಲಿಗೆ ಮೇಲಕ್ಕೆ ಎದ್ದಂತಿದ್ರೆ, ಬಾಯಲ್ಲಿ ಎರಡು ಬೆರಳೂ ಹಿಡಿಸದಿದ್ರೆ, ಎಂಜಲು ನುಂಗೋಕಾಗದೆ ಸುರೀತಿದ್ರೆ, ಜ್ವರ, ದನಿ ಬದಲಾಗಿದ್ರೆ ಕ್ಲಿನಿಕ್ ಬೇಡ. ತುರ್ತು ಘಟಕ, ಬಾಯಿ-ದವಡೆ ಶಸ್ತ್ರಚಿಕಿತ್ಸಕರು ಇರೋ ದೊಡ್ಡ ಆಸ್ಪತ್ರೆ, ಇವತ್ತೇ ರಾತ್ರಿ. ಸೋಂಕು ಕತ್ತಿಗೆ ಇಳಿದ್ರೆ ಉಸಿರಾಟದ ದಾರಿಯೇ ಮುಚ್ಚುತ್ತೆ.

ಮಾತ್ರೆ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಐದು ದಿನ ತಳ್ಳೋದು ಪರಿಹಾರ ಅಲ್ಲ. ಕೀವಿನ ಮೂಲ ಹಲ್ಲಿನ ಬೇರಲ್ಲಿದೆ, ಅಲ್ಲಿಗೆ ರಕ್ತ ಓಡಲ್ಲ, ಔಷಧ ತಲುಪಲ್ಲ. ಊತ ಇಳಿಯುತ್ತೆ, ಎರಡು ವಾರಕ್ಕೆ ಮತ್ತೆ ಬರುತ್ತೆ. ಹೊರಗಿನಿಂದ ಬಿಸಿ ಶಾಖ ಕೊಡಬೇಡಿ.

ಜಯನಗರ_4ಟಿ
ರಕ್ತ ತೆಳು ಮಾಡೋ ಮಾತ್ರೆ ಇರೋದ್ರಿಂದ ಐದು ದಿನ ನಿಲ್ಲಿಸಿ ಬನ್ನಿ ಅಂತಾರಲ್ವಾ ಕೆಲವು ಕಡೆ?

ಒಸಡು_ಹಲ್ಲು
ಅದು ಹಳೇ ಪದ್ಧತಿ. ಒಂದೆರಡು ಹಲ್ಲು ಕೀಳೋಕೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನಿಲ್ಲಿಸೋ ರೂಢಿ ಈಗಿಲ್ಲ. ಹಲ್ಲಿನ ಗುಳಿಯಿಂದ ಬರೋ ರಕ್ತವನ್ನ ಒತ್ತಿ ಹಿಡಿದು ನಿಲ್ಲಿಸಬಹುದು, ಸ್ಟೆಂಟಿನಲ್ಲಿ ಕಟ್ಟಿದ ರಕ್ತವನ್ನ ಒತ್ತಿ ಹಿಡಿಯೋಕಾಗಲ್ಲ. ಹೃದಯ ವೈದ್ಯರನ್ನ ಕೇಳದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ. ಬೆಳಗಿನ ಹೊತ್ತೇ ಕೀಳಿಸಿ, ಒಂದು ಸಲಕ್ಕೆ ಒಂದು ಕಡೆ ಮಾತ್ರ. ಹೊಲಿಗೆ ಹಾಕಿಸಿ, ಗಾಜ್ ಬಟ್ಟೆ ಮಡಿಸಿ ಅರ್ಧ ಗಂಟೆ ಬಿಗಿಯಾಗಿ ಕಚ್ಚಿರಲಿ. ಅವತ್ತೆಲ್ಲ ಬಾಯಿ ಮುಕ್ಕಳಿಸೋದು, ಉಗುಳೋದು, ಸ್ಟ್ರಾ ಹಾಕಿ ಎಳನೀರು ಕುಡಿಯೋದು ಬೇಡ. ಕಟ್ಟಿದ ರಕ್ತದ ಗಡ್ಡೆ ಕಿತ್ತು ಬರುತ್ತೆ. ರಕ್ತ ಒಸರ್ತಾ ಇದ್ರೆ ಗಾಜ್ ತೆಗೆದು ತೆಗೆದು ನೋಡ್ತಾ ಕೂರಬಾರದು.

ವಾರ್ಫರಿನ್ ಅನ್ನೋ ಇನ್ನೊಂದು ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರದ್ದು ಬೇರೆ ಕತೆ. ಅವರಿಗೆ ಕೀಳೋಕೆ ಮುಂಚಿನ ಒಂದೆರಡು ದಿನದೊಳಗೆ ರಕ್ತ ಹೆಪ್ಪುಗಟ್ಟೋ ವೇಗ ಅಳೆಯೋ ಐಎನ್‌ಆರ್ ಪರೀಕ್ಷೆ ಬೇಕು, 4ಕ್ಕಿಂತ ಕೆಳಗಿರಬೇಕು. ಮೆಟ್ರೋನಿಡಜೋಲ್ ಆಂಟಿಬಯಾಟಿಕ್ ಬರೆದುಕೊಟ್ರೆ ವಾರ್ಫರಿನ್ ವಿಷಯ ನೆನಪಿಸಿ, ಎರಡೂ ಸೇರಿದ್ರೆ ಐಎನ್‌ಆರ್ ಏರುತ್ತೆ.

ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವರಿಗೆ ಬೇಡ, ಹೊಟ್ಟೆಯಲ್ಲಿ ರಕ್ತಸ್ರಾವ, ಕಿಡ್ನಿಗೂ ಪೆಟ್ಟು. ಪ್ಯಾರಸಿಟಮಾಲ್ ಸಾಕು. ತಿಂಡಿ ತಿಂದು, ಸಕ್ಕರೆ ಮಾತ್ರೆ ತಗೊಂಡೇ ಹೋಗಲಿ. ಹಸಿದು ಹೋಗಿ ಕುರ್ಚಿಯಲ್ಲಿ ತಲೆಸುತ್ತಿ ಬೀಳೋದು ಎಲ್ಲ ಕ್ಲಿನಿಕ್ಕಲ್ಲೂ ಕಾಣೋ ನೋಟ. ಇನ್ನೊಂದು ತಪ್ಪು ತಿಳಿವಳಿಕೆ: "ಸಕ್ಕರೆ ಇಳಿದ ಮೇಲೆ ಹಲ್ಲು ಮುಟ್ಟೋಣ." ಕೀವು ಇರೋವರೆಗೂ ಸಕ್ಕರೆ ಇಳಿಯಲ್ಲ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆಯೋ ವರ್ಷಕ್ಕೊಂದು ಇಂಜೆಕ್ಷನ್ನೋ ನಡೀತಿದ್ರೆ ಕೀಳೋಕೆ ಮುಂಚೆ ಹೇಳಲೇಬೇಕು, ದವಡೆ ಮೂಳೆ ಮಾಗದೆ ಉಳಿಯೋ ಅಪಾಯ ಇದೆ.

ಮಾರ್ಕೆಟ್_ಮೆಟ್ರೋ
11,000ವೂ ಕಷ್ಟ ಅನ್ನೋರಿಗೆ ಈ ಊರಲ್ಲಿ ವಿಮೆಗಿಂತ ಗಟ್ಟಿ ದಾರಿ ದಂತ ಕಾಲೇಜುಗಳು. ಸರ್ಕಾರಿ ದಂತ ಕಾಲೇಜು ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿದೆ. ಹಸಿರು ಮಾರ್ಗದ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದ್ರೆ ಹತ್ತಿರ. ಖಾಸಗಿ ಕಾಲೇಜುಗಳಲ್ಲೂ ಕ್ಲಿನಿಕ್ಕಿಗಿಂತ ಬಹಳ ಕಡಿಮೆ: ವಿ.ವಿ. ಪುರಂನ ಒಕ್ಕಲಿಗರ ಸಂಘದ ಕಾಲೇಜು, ಜೆ.ಪಿ. ನಗರದ ಆರ್.ವಿ., ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್, ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಆಕ್ಸ್‌ಫರ್ಡ್, ಕುಕ್ ಟೌನ್ ಕಡೆ ಅಂಬೇಡ್ಕರ್ ಕಾಲೇಜು, ಮತ್ತಿಕೆರೆ ಕಡೆಯೋರಿಗೆ ರಾಮಯ್ಯ, ವೈಟ್‌ಫೀಲ್ಡ್‌ನೋರಿಗೆ ವೈದೇಹಿ. ಬನಶಂಕರಿಯಿಂದ ದಯಾನಂದ ಸಾಗರ್ ಅಥವಾ ಆರ್.ವಿ. ಹತ್ತಿರ.

ಒಳಗೆ ಹೋದ ಮೇಲೆ ಕ್ರಮ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ನೋಂದಣಿ ಚೀಟಿ, ಆಮೇಲೆ ಬಾಯಿ ರೋಗ ವಿಭಾಗ. ಅಲ್ಲೇ ಮೊದಲ ಪರೀಕ್ಷೆ, ಎಕ್ಸ್‌ರೇ. ಅವರು ಚೀಟಿ ಬರೆದು ಕಳಿಸ್ತಾರೆ: ರೂಟ್ ಕೆನಾಲ್ ಒಂದು ವಿಭಾಗ, ಕೀಳೋದು ಶಸ್ತ್ರಚಿಕಿತ್ಸೆ ವಿಭಾಗ, ಹಲ್ಲು ಸೆಟ್ ಮೂರನೇ ವಿಭಾಗ. ನೇರವಾಗಿ ಶಸ್ತ್ರಚಿಕಿತ್ಸೆ ವಿಭಾಗದ ಬಾಗಿಲಲ್ಲಿ ನಿಂತ್ರೆ ವಾಪಸ್ ಕಳಿಸ್ತಾರೆ. ನೋಂದಣಿ ಕಿಟಕಿಯಲ್ಲೇ "ಊತ ಇದೆ, ಸಕ್ಕರೆ ಇದೆ" ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ರೆ ಸಾಲಿನಲ್ಲಿ ಎಲ್ಲರಂತೆ ನೀವೂ.

ಕೈಯಲ್ಲಿ ಇರಬೇಕಾದ್ದು ಆಧಾರ್, ಪಡಿತರ ಚೀಟಿ, ಸ್ಟೆಂಟ್ ಹಾಕಿದ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಒಂದು ವಾರದೊಳಗಿನ ಸಕ್ಕರೆ ರಿಪೋರ್ಟು. ಮಾತ್ರೆಗಳ ಹೆಸರು ಬರ್ಕೊಂಡು ಹೋಗೋದಲ್ಲ, ಮಾತ್ರೆಯ ಸ್ಟ್ರಿಪ್ಪನ್ನೇ ತಗೊಂಡು ಹೋಗಿ. "ಬಿಳೀದೊಂದು, ಗುಲಾಬಿ ಒಂದು" ಅಂದ್ರೆ ಯಾರಿಗೂ ಗೊತ್ತಾಗಲ್ಲ.

ಕೊರತೆ ಏನು ಅಂದ್ರೆ ಸಮಯ. ವಿದ್ಯಾರ್ಥಿ ಮಾಡ್ತಾರೆ, ಪ್ರತಿ ಹಂತಕ್ಕೂ ಮೇಷ್ಟ್ರು ಬಂದು ನೋಡಿ ಸಹಿ ಹಾಕ್ತಾರೆ. ದವಡೆ ಹಲ್ಲಿನ ರೂಟ್ ಕೆನಾಲ್ ಮೂರು-ನಾಲ್ಕು ಸಲ ಓಡಾಟ, ಒಂದೊಂದು ಸಲ ಎರಡು ಗಂಟೆ ಬಾಯಿ ತೆರೆದು ಕೂರಬೇಕು. ಬೆನ್ನು ನೋವಿರೋ ಹಿರಿಯರಿಗೆ ಅದೇ ದೊಡ್ಡ ಶಿಕ್ಷೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಕೊಡಿ ಅಂತ ಕೇಳಿಕೊಳ್ಳಿ, ವೇಗ ಹೆಚ್ಚು.

ರಿಯಾಯಿತಿ_ಕಾರ್ಡು
ಕ್ಲಿನಿಕ್ ಸರಪಳಿಯೋರು ವರ್ಷಕ್ಕೆ 999 ಕಟ್ಟಿದ್ರೆ "ಡೆಂಟಲ್ ಪ್ಲಾನ್" ಅಂತಿದಾರಲ್ಲ, ಅದೂ ತಕ್ಷಣ ಶುರು, ವೈಟಿಂಗ್ ಇಲ್ಲ?

ಕ್ಲೇಮ್_ಕಡತ
ಅದು ವಿಮೆ ಅಲ್ಲ, ಸದಸ್ಯತ್ವ. ಗುರುತು ಹಿಡಿಯೋದು ಸುಲಭ: ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಒಪ್ಪಿದ ಪ್ರತಿ ಪಾಲಿಸಿಯ ಮೇಲೂ ಯುಐಎನ್ ಅನ್ನೋ ಉದ್ದದ ಗುರುತಿನ ಸಂಖ್ಯೆ ಇರುತ್ತೆ, ಈ ಕಾರ್ಡಿನ ಮೇಲೆ ಇರಲ್ಲ. ರಿಯಾಯಿತಿ ಕೊಡೋದು ಅವರದೇ ದರಪಟ್ಟಿಯ ಮೇಲೆ. ರೂಟ್ ಕೆನಾಲ್ 12,000 ಅಂತ ಬರೆದು 30% ಬಿಟ್ರೆ 8,400. ಮೇಲಿನ ಅಂದಾಜಿನ 8,000ಕ್ಕಿಂತ ಜಾಸ್ತಿಯೇ ಆಯ್ತು, ಕಾರ್ಡಿನ 999 ಬೇರೆ. ಕೊಳ್ಳೋಕೆ ಮುಂಚೆ ರಿಯಾಯಿತಿ ಕಳೆದ ಮೇಲಿನ ಮೊತ್ತವನ್ನ ಬರೆಸ್ಕೊಳ್ಳಿ. ಎಕ್ಸ್‌ರೇ, ಕ್ಯಾಪಿನ ಲ್ಯಾಬ್ ಖರ್ಚು ಸೇರಿದೆಯಾ ಅಂತಲೂ ಕೇಳಿ.

ನಿವೃತ್ತ_ಫೈಲು
ಎಲ್ಲರೂ ಹೊಸ ಪಾಲಿಸಿ ಹುಡುಕ್ತಾರೆ, ಮನೆ ಬೀರುವಿನಲ್ಲಿರೋ ಹಳೇ ಕಾರ್ಡು ನೋಡಲ್ಲ. ಹಲ್ಲಿಗೆ ತಕ್ಷಣ ಕೆಲಸಕ್ಕೆ ಬರೋದು ಹೆಚ್ಚಾಗಿ ಅವೇ.

ಕೇಂದ್ರ ಸರ್ಕಾರದ ಪಿಂಚಣಿದಾರರಾದ್ರೆ ಅವರ ಆರೋಗ್ಯ ಯೋಜನೆ ಸಿಜಿಎಚ್‌ಎಸ್. ಪಟ್ಟಿಯಲ್ಲಿರೋ ದಂತ ಕ್ಲಿನಿಕ್ಕಿನಲ್ಲಿ ನಿಗದಿ ದರಕ್ಕೆ ಚಿಕಿತ್ಸೆ. 70 ದಾಟಿದೋರು ತಜ್ಞರ ಸಲಹೆಗೆ ಪಟ್ಟಿಯ ಆಸ್ಪತ್ರೆಗೆ ರೆಫರಲ್ ಇಲ್ಲದೆ ನೇರ ಹೋಗಬಹುದು. ಆದ್ರೆ ಸಲಹೆ ಬೇರೆ, ಚಿಕಿತ್ಸೆ ಬೇರೆ. ಪಟ್ಟಿಯಲ್ಲಿಲ್ಲದ ಕೆಲಸಕ್ಕೆ, ಮುಖ್ಯವಾಗಿ ಇಂಪ್ಲಾಂಟಿಗೆ, ಮೊದಲು ಅನುಮತಿ ತಗೊಳ್ಳದೆ ಬಿಲ್ ಹಿಡ್ಕೊಂಡು ಹೋದ್ರೆ ನಿಲ್ಲಲ್ಲ.

ಮಾಜಿ ಸೈನಿಕರಿಗೆ ಅವರದೇ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್, ಅಲ್ಲೇ ದಂತ ವೈದ್ಯರಿದ್ದಾರೆ, ಹೆಂಡತಿಗೂ ಸಲ್ಲುತ್ತೆ.

ಪೀಣ್ಯ, ರಾಜಾಜಿನಗರದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಬಹಳ ಜನಕ್ಕೆ ಗೊತ್ತಿಲ್ಲದ್ದು: ಕಾರ್ಮಿಕರ ವಿಮಾ ಯೋಜನೆ ಇಎಸ್‌ಐನಲ್ಲಿ ಕನಿಷ್ಠ 5 ವರ್ಷ ವಿಮಾದಾರರಾಗಿದ್ದು ವಯೋನಿವೃತ್ತಿ ಆದೋರಿಗೆ ವರ್ಷಕ್ಕೆ 120 ರೂಪಾಯಿ ಕಟ್ಟಿದ್ರೆ ಗಂಡ ಹೆಂಡತಿ ಇಬ್ಬರಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತೆ. ತಿಂಗಳಿಗಲ್ಲ, ವರ್ಷಕ್ಕೆ 120. ನಿವೃತ್ತಿ ಪತ್ರ, ಹಳೇ ವಿಮಾ ಸಂಖ್ಯೆ ಹಿಡಿದು ಶಾಖಾ ಕಚೇರಿಗೆ ಹೋಗಬೇಕು.

ಇನ್ನು ಮಗನೋ ಮಗಳೋ ಐಟಿ ಕಂಪನಿಯಲ್ಲಿದ್ದು ಅಪ್ಪ ಅಮ್ಮನ್ನ ಗುಂಪು ವಿಮೆಗೆ ಸೇರಿಸಿದ್ರೆ ಆ ಕಡತ ತೆಗೀರಿ. ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಹಳೇ ಕಾಯಿಲೆಗೂ ಮೊದಲ ದಿನದಿಂದಲೇ ಕವರ್, ಕೆಲವು ಕಂಪನಿ ಒಪಿಡಿ, ಹಲ್ಲಿಗೆ ಅಂತ ಸಣ್ಣ ಮೊತ್ತವನ್ನೂ ಇಟ್ಟಿರುತ್ತೆ. ಎಚ್‌ಆರ್‌ಗೆ ಕೇಳೋ ಪ್ರಶ್ನೆ "ಹಲ್ಲು ಇದೆಯಾ" ಅಂತಲ್ಲ. "ಹಲ್ಲಿನ ಮೊತ್ತ ಉದ್ಯೋಗಿಗೆ ಮಾತ್ರವೋ, ತಂದೆ ತಾಯಿಗೂ ಸಲ್ಲುತ್ತೋ?" ಎಡವೋದು ಅಲ್ಲೇ.

ಕೆಂಗೇರಿ_ಕಡೆ
ಆಯುಷ್ಮಾನ್ ಕಾರ್ಡು?

ನಿವೃತ್ತ_ಫೈಲು
ಹೊರರೋಗಿ ಹಲ್ಲಿನ ಕೆಲಸ ಅದರಲ್ಲಿಲ್ಲ. ದವಡೆ ಮುರಿತ, ದವಡೆ ಗಡ್ಡೆ ಥರದ ಆಸ್ಪತ್ರೆ ಶಸ್ತ್ರಚಿಕಿತ್ಸೆ ಪ್ಯಾಕೇಜುಗಳಿವೆ. ನಮ್ಮ ರಾಜ್ಯದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದ ಕೆಲಸಕ್ಕೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ರೆ ರೆಫರಲ್ ಪತ್ರ.

ಹಲ್ಲೇ ಇಲ್ಲದ ಬಿಪಿಎಲ್ ಹಿರಿಯರಿಗೆ ದಂತಭಾಗ್ಯ ಅಂತ ರಾಜ್ಯ ಸರ್ಕಾರದ ಯೋಜನೆ ಬಂತು, ಉಚಿತ ಹಲ್ಲು ಸೆಟ್. ಸರ್ಕಾರಿ ದಂತ ಕಾಲೇಜಿನ ಹಲ್ಲು ಸೆಟ್ ವಿಭಾಗದಲ್ಲಿ ಬಿಪಿಎಲ್ ಕಾರ್ಡ್ ತೋರಿಸಿ ವಿಚಾರಿಸಿ.

ಬೇಗ_ಮುಗ್ಸಿ
ಇಷ್ಟೆಲ್ಲ ಯಾಕೆ? ನರ್ಸಿಂಗ್ ಹೋಮಲ್ಲಿ ಒಂದು ದಿನ ಅಡ್ಮಿಟ್ ಮಾಡ್ಸಿ, ಮೆಡಿಕ್ಲೇಮ್ ಹಾಕಿ. ಎಲ್ಲರೂ ಮಾಡ್ತಾರೆ.

ಕ್ಲೇಮ್_ಕಡತ
ಮಾಡ್ತಾರೆ, ಸಿಕ್ಕೂ ಬೀಳ್ತಾರೆ. ಡಿಸ್ಚಾರ್ಜ್ ಪತ್ರದಲ್ಲಿ ಜ್ವರವಿಲ್ಲ, ರಕ್ತನಾಳಕ್ಕೆ ಔಷಧವಿಲ್ಲ, ನರ್ಸ್ ಬರೆದ ಪಟ್ಟಿ ಖಾಲಿ, ಬಿಲ್ಲಿನಲ್ಲಿ ಮಾತ್ರ ರೂಟ್ ಕೆನಾಲ್. "ದಾಖಲಾತಿ ಅನಗತ್ಯ" ಅಂತ ಒಂದು ಸಾಲು ಬರೆದು ತಿರಸ್ಕರಿಸ್ತಾರೆ, ಸುಳ್ಳು ದಾಖಲೆ ಅಂತಾದ್ರೆ ಪಾಲಿಸಿಯೇ ರದ್ದು. 72ರಲ್ಲಿ ಸ್ಟೆಂಟ್ ಇಟ್ಕೊಂಡು ಪಾಲಿಸಿ ಕಳ್ಕೊಳ್ಳೋದು 11,000ದ ವ್ಯವಹಾರ ಅಲ್ಲ.

ಆದ್ರೆ ನಿಜವಾದ ದಾಖಲಾತಿ ಇದ್ರೆ ಕ್ಲೇಮ್ ಬಿಡಬೇಡಿ. ಮೇಲೆ ಒಸಡು_ಹಲ್ಲು ಹೇಳಿದ ಹಾಗೆ ಸೋಂಕು ದವಡೆ ಕೆಳಗೆ ಇಳಿದು ಅಡ್ಮಿಟ್ ಆದ್ರೆ ಅದು ಹಲ್ಲಿನ ಚಿಕಿತ್ಸೆ ಮಾತ್ರವಲ್ಲ, ಕತ್ತಿನ ಮೃದು ಅಂಗಾಂಶದ ಸೋಂಕು. ಕೌಂಟರಿನಲ್ಲಿ "ಹಲ್ಲು ನೋವು" ಅಂತ ಮೊದಲ ಚೀಟಿಯಲ್ಲಿ ಬರೆದ್ರೆ ಆ ಎರಡು ಪದವೇ, ಬಿಲ್ಲನ್ನ ಕಂಪನಿ ನೇರ ಆಸ್ಪತ್ರೆಗೆ ಕಟ್ಟೋ ಕ್ಯಾಶ್‌ಲೆಸ್ ನಿಲ್ಲಿಸುತ್ತೆ. ವೈದ್ಯರು ಕಂಡದ್ದನ್ನೇ ಪೂರ್ತಿ ಬರೀಲಿ: ಊತ ಎಲ್ಲಿಯವರೆಗೆ, ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತೆ, ಜ್ವರ ಎಷ್ಟು, ಬಿಳಿ ರಕ್ತಕಣ ಎಷ್ಟು, ಯಾವ ಔಷಧ ರಕ್ತನಾಳದ ಮೂಲಕ. ರೋಗದ ಸಂಕೇತವೂ ನೋಡಿ. ಕೆ 04.7 ಅಂದ್ರೆ ಬೇರಿನ ತುದಿಯ ಕೀವು, ಕೆ 12.2 ಅಂದ್ರೆ ಬಾಯಿಯ ಅಂಗಾಂಶಕ್ಕೆ ಹರಡಿದ ಸೋಂಕು. ನಿಜವಾಗಿ ಹರಡಿದ್ದಾಗ ಅಭ್ಯಾಸಬಲದಿಂದ ಮೊದಲನೇದನ್ನ ಹಾಕಿಬಿಡ್ತಾರೆ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಕೋರಿಕೆಗೆ ಮೂರು ಗಂಟೆಯೊಳಗೆ ವಿಮಾ ಕಂಪನಿ ಉತ್ತರಿಸಬೇಕು, 2024ರ ನಿಯಮ ಅದು.

ಬಚ್ಚಲಲ್ಲಿ ಜಾರಿ ಬಿದ್ದು ಹಲ್ಲು ಮುರಿದ್ರೆ ಅಪಘಾತದ ಲೆಕ್ಕ, ಆಗಲೂ ದಾಖಲಾತಿಯ ಷರತ್ತು ಇರುತ್ತೆ. ಬಿದ್ದ ದಿನವೇ ತೋರಿಸಿ, ಬಿದ್ದ ಸಮಯ, ರೀತಿ ಚೀಟಿಯಲ್ಲಿ ಬರೆಸಿ, ಎಕ್ಸ್‌ರೇ ಅವತ್ತಿನದ್ದೇ ಇರಲಿ. ನಾಲ್ಕು ದಿನ ಬಿಟ್ಟು ಹೋದ್ರೆ "ಮೊದಲೇ ಹುಳುಕಿತ್ತು" ಅಂತಾರೆ.

ಪಾಲಿಸಿ ಆರೋಗ್ಯ ಸಂಜೀವಿನಿ ಆಗಿದ್ರೆ ಗಮನಿಸಿ. 2020ರಲ್ಲಿ ಬಂದ ಆ ಪ್ರಮಾಣಿತ ಪಾಲಿಸಿಯಲ್ಲಿ ಕಾಯಿಲೆ ಅಥವಾ ಗಾಯದಿಂದ ಬೇಕಾದ ದಂತ ಚಿಕಿತ್ಸೆ ಆಸ್ಪತ್ರೆ ಖರ್ಚಿನೊಳಗೇ ಬರುತ್ತೆ ಅಂತ ಬರೆದಿದೆ, 5% ನಿಮ್ಮ ಪಾಲು. ಬೇರೆ ಬಹಳ ಪಾಲಿಸಿಗಳಲ್ಲಿ ಅಪಘಾತಕ್ಕೆ ಮಾತ್ರ. ಏಜೆಂಟ್ ಮಾತು ಬಿಟ್ಟು ಪಾಲಿಸಿಯ ಪಿಡಿಎಫ್ ತೆರೆದು "ಡೆಂಟಲ್" ಅಂತ ಇಂಗ್ಲಿಷಲ್ಲಿ ಹುಡುಕಿ. ಮೂರು ಕಡೆ ಸಿಗುತ್ತೆ: ವ್ಯಾಖ್ಯೆ, ಕವರ್, ಹೊರಗಿಟ್ಟದ್ದು. ಮೂರನ್ನೂ ಓದದೆ ತೀರ್ಮಾನ ಬೇಡ.

ಜಯನಗರ_4ಟಿ
ಮುಂದಿನ ವರ್ಷಕ್ಕೆ ಒಪಿಡಿ ಸೇರಿಸ್ಕೊಂಡ್ರೆ ಆ ಕ್ಯಾಪು, ಇಂಪ್ಲಾಂಟು?

ಕ್ಲೇಮ್_ಕಡತ
ಇಂಪ್ಲಾಂಟ್ ಬಹುತೇಕ ಕಡೆ ಹೊರಗೇ. ಉಳಿದದ್ದಕ್ಕೆ ಲೆಕ್ಕ ಹಾಕಿ ನೋಡಿ. ಒಪಿಡಿಗೆ ವರ್ಷಕ್ಕೆ 6,000 ಹೆಚ್ಚುವರಿ ಕಂತು, ಒಪಿಡಿ ಮಿತಿ 10,000, ಅದರೊಳಗೆ ಹಲ್ಲಿಗೆ 5,000, ನಿಮ್ಮ ಪಾಲು 20% ಅಂತಿಟ್ಕೊಳ್ಳಿ. ಹಲ್ಲಿಂದ ಕೈಗೆ ಬರೋದು 4,000. ಸಕ್ಕರೆ ವೈದ್ಯರ ಫೀಸು, ರಕ್ತಪರೀಕ್ಷೆ ಕೂಡ ಅದರಲ್ಲಿ ಹಾಕೋಕೆ ಆದ್ರೆ ಮಾತ್ರ ಗಿಟ್ಟುತ್ತೆ. ಹಲ್ಲಿಗೇ ಅಂತಾದ್ರೆ ಆ 6,000ವನ್ನ ಬ್ಯಾಂಕಿನ ಆರ್‌ಡಿಗೆ ಹಾಕೋದೇ ವಾಸಿ.

ಒಸಡು_ಹಲ್ಲು
ಇಂಪ್ಲಾಂಟ್ ಒಂದೇ ದಾರಿ ಅಂತಲೂ ಇಲ್ಲ. ತೆಗೆದು ಹಾಕೋ ಭಾಗಶಃ ಸೆಟ್ ಇದೆ, ಪಕ್ಕದ ಹಲ್ಲು ಗಟ್ಟಿಯಿದ್ರೆ ಅದಕ್ಕೆ ಆತು ನಿಲ್ಲೋ ಬ್ರಿಡ್ಜ್ ಇದೆ. ಕಿತ್ತ ಮೇಲೆ ಆರರಿಂದ ಎಂಟು ವಾರ ಬಿಟ್ಟು ಅಚ್ಚು ತಗೋಬೇಕು. ಅವಸರಕ್ಕೆ ಎರಡನೇ ವಾರದಲ್ಲೇ ಮಾಡಿಸಿದ್ರೆ ಮೂಳೆ ಇಳಿದು ಸೆಟ್ ಸಡಿಲಾಗುತ್ತೆ, ತುತ್ತಿಗೊಂದು ಸಲ ಎದ್ದು ಬರುತ್ತೆ. ಹಾಕಿದ ಮೊದಲ ವಾರ ಒಸಡಲ್ಲಿ ಕೆಂಪು ಗಾಯ ಆಗೋದು ಮಾಮೂಲಿ. ಆಗ ಮನೆಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜಬೇಡಿ. ಹಿಂದಿನ ದಿನವಿಡೀ ಹಾಕ್ಕೊಂಡೇ ಇದ್ದು ಹೋಗಿ, ಗಾಯದ ಗುರುತು ಕಂಡ್ರೆ ತಾನೇ ಅವರಿಗೆ ಎಲ್ಲಿ ಸವರಬೇಕು ಅಂತ ಗೊತ್ತಾಗೋದು.

ಎಲೆ ಅಡಿಕೆ, ಹೊಗೆಸೊಪ್ಪು ಅಭ್ಯಾಸ ಇರೋರ ಬಾಯಲ್ಲಿ ಹುಣ್ಣು ಮೂರು ವಾರಕ್ಕೂ ಮಾಗದಿದ್ರೆ ಅದನ್ನ ಸೆಟ್ ಉಜ್ಜಿದ ಗಾಯ ಅಂದ್ಕೋಬೇಡಿ. ಬಯಾಪ್ಸಿ ಆಗಬೇಕು. ಬಾಯಿ ಕ್ಯಾನ್ಸರ್ ಚಿಕಿತ್ಸೆ "ಹಲ್ಲು" ಅನ್ನೋ ನಿರ್ಬಂಧಕ್ಕೆ ಬರಲ್ಲ. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಬನಶಂಕರಿ_ಬಸ್‌ಸ್ಟ್ಯಾಂಡ್
ಪಿಡಿಎಫ್ ನೋಡಿದ್ದಾಯ್ತು, ಅಪಘಾತಕ್ಕೆ ಮಾತ್ರ ಅಂತಿದೆ. ಗದ್ದದ ಕೆಳಗೆ ಊತ ಇಲ್ಲ, ಬಾಯಿ ಮೂರು ಬೆರಳಷ್ಟು ತೆರೆಯುತ್ತೆ. ಬೆಳಿಗ್ಗೆ 46ನ್ನ ತೆರೆಸೋದು ಅಂತ ತೀರ್ಮಾನ. ಕೈಯಿಂದ ಕಟ್ಟೋ ಬಿಲ್ಲಿಗೆ ತೆರಿಗೆಯಲ್ಲಿ ಏನಾದ್ರೂ?

ಕ್ಲೇಮ್_ಕಡತ
ಹಳೇ ತೆರಿಗೆ ಪದ್ಧತಿಯಲ್ಲಿದ್ರೆ ಮಾತ್ರ. ವೈದ್ಯಕೀಯ ಖರ್ಚಿಗೆ 60 ದಾಟಿದೋರಿಗೆ 50,000ದವರೆಗೆ ವಿನಾಯಿತಿ ಇದೆ, ಆದ್ರೆ ಅವರ ಹೆಸರಲ್ಲಿ ಆರೋಗ್ಯ ವಿಮೆ ಇರಬಾರದು. ನಿಮ್ಮ ಕಡೆ ಪಾಲಿಸಿ ಇರೋದ್ರಿಂದ ಕಂತಿಗೆ ವಿನಾಯಿತಿ ಸಿಗುತ್ತೆ, ಹಲ್ಲಿನ ಬಿಲ್ಲಿಗಿಲ್ಲ. ಪಾಲಿಸಿ ಇಲ್ಲದ ಮನೆಗಳೋರು ನಗದು ಕೊಡಬೇಡಿ, ಯುಪಿಐ ಅಥವಾ ಕಾರ್ಡು. ನಗದು ಕೊಟ್ಟ ವೈದ್ಯಕೀಯ ಖರ್ಚು ಲೆಕ್ಕಕ್ಕಿಲ್ಲ.

ನಿಜವಾದ ದಾಖಲಾತಿಯ ಕ್ಲೇಮ್ ತಿರಸ್ಕಾರವಾದ ಬೇರೆಯೋರಿಗೆ: ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ದೂರು, ಬಿಮಾ ಭರೋಸಾ ಜಾಲತಾಣದಲ್ಲೂ ಹಾಕಬಹುದು, ಸಹಾಯವಾಣಿ 155255. ಒಂದು ತಿಂಗಳು ಉತ್ತರ ಇಲ್ಲದಿದ್ರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ರೆ ದೂರು ಕೇಳಿ ತೀರ್ಮಾನ ಕೊಡೋ ವಿಮಾ ಓಂಬುಡ್ಸ್‌ಮನ್. ಜೆ.ಪಿ. ನಗರ 1ನೇ ಹಂತ, 24ನೇ ಮುಖ್ಯರಸ್ತೆಯ ಜೀವನ್ ಸೌಧದಲ್ಲಿ ಕಚೇರಿ. ಶುಲ್ಕ ಇಲ್ಲ, ವಕೀಲರೂ ಬೇಡ, ತಿರಸ್ಕರಿಸಿದ ಒಂದು ವರ್ಷದೊಳಗೆ ಹಾಕಬೇಕು.

ಮಾರ್ಕೆಟ್_ಮೆಟ್ರೋ
ಆರ್.ವಿ. ದಂತ ಕಾಲೇಜೂ ಅದೇ 24ನೇ ಮುಖ್ಯರಸ್ತೆಯಲ್ಲೇ. ನಾಳೆ ಅಲ್ಲಿಗೇ ಹೋಗೋದಾದ್ರೆ ನೋಂದಣಿ ಶುರುವಾಗೋ ಹೊತ್ತಿಗೇ ಇರಿ, ಮಧ್ಯಾಹ್ನ ಹೋದ್ರೆ ಎಕ್ಸ್‌ರೇ ಮಾತ್ರ ಆಗಿ ಮಾರನೇ ದಿನಕ್ಕೆ ಚೀಟಿ ಕೊಡ್ತಾರೆ. ಕತ್ತಿಗೆ ಇಟ್ಕೊಳ್ಳೋಕೆ ಒಂದು ಸಣ್ಣ ದಿಂಬು ತಗೊಂಡು ಹೋಗಿ.